ಕೆಲಸದ ಆಫರ್‌ಗೆ ಉತ್ತರ: ‘ಆಗುವುದಿಲ್ಲ’ವೋ ‘ಆಗುತ್ತಿಲ್ಲ’ವೋ?

ಗೆಳೆಯರೇ,

ಪರಿಚಯದ ಹುಡುಗಿಯೊಬ್ಬಳಿಗೆ ಎರಡು ಕಡೆಯಿಂದ ಕೆಲಸದ ಆಫರ್ ಬಂದಿದೆ. ಒಂದಕ್ಕೆ ಹೂಂ ಅನ್ನಬೇಕು, ಇನ್ನೊಂದಕ್ಕೆ ಬೇಡ ಅನ್ನಬೇಕು. ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಅವಳ ಆಸೆ. ಬರೆದು ನನಗೆ ಕಳಿಸಿದ್ದಳು.

ಹೂಂ ಅನ್ನುವುದು ಸುಲಭ. ‘ನಿಮ್ಮ ಆಫರ್‌ಗೆ ನನ್ನ ಒಪ್ಪಿಗೆ ಇದೆ’ ಎಂದು ಬರೆದಿದ್ದಳು. ತಪ್ಪೇನಿಲ್ಲ, ಆದರೆ ಸಾಹೇಬರು ಫೈಲಿಗೆ ಸಹಿ ಹಾಕಿದ ಹಾಗಿದೆ. ‘ಈ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ’ ಅಂದರೆ ಸಾಕು. ಜೊತೆಗೆ ಹುದ್ದೆಯ ಹೆಸರು, ಸೇರುವ ತಾರೀಖು. ‘ನೇಮಕಾತಿ ಪತ್ರ ತಲುಪಿತು’ ಅನ್ನುವುದನ್ನೂ ತಿದ್ದಿದೆ. ಅದು ಸಾಮಾನ್ಯವಾಗಿ ಒಪ್ಪಿದ ಮೇಲೆ ಕೊಡುವ ಪತ್ರ. ಈಗ ಬಂದಿರುವುದು ಬರೀ ಆಫರ್ ಲೆಟರ್. ಇದನ್ನು ‘ಪ್ರಸ್ತಾಪ’ ಅನ್ನುವವರೂ ಇದ್ದಾರೆ, ನನಗೇಕೋ ಆ ಮಾತು ಕೇಳಿದರೆ ಗಂಡು-ಹೆಣ್ಣಿನ ಕಡೆಯವರು ಕೂತು ಮಾತಾಡುವುದೇ ನೆನಪಾಗುತ್ತದೆ!

ಕಷ್ಟ ಇರುವುದು ಬೇಡ ಅನ್ನುವಲ್ಲಿ. ‘ತಿರಸ್ಕರಿಸುತ್ತೇನೆ’ಯಲ್ಲಿ ತಾತ್ಸಾರವಿದೆ, ಅದು ಬೇಡವೇ ಬೇಡ. ‘ನಿರಾಕರಿಸುತ್ತೇನೆ’ ಅಷ್ಟು ಒರಟಲ್ಲ, ಆದರೂ ಬಿಗುವು ಜಾಸ್ತಿ. ಉಳಿದದ್ದು ‘ಸೇರಲು ಆಗುವುದಿಲ್ಲ’ ಮತ್ತು ‘ಸೇರಲು ಆಗುತ್ತಿಲ್ಲ’. ನನ್ನ ಕಿವಿಗೆ ಇವೆರಡೂ ಬೇರೆ ಬೇರೆ. ‘ಆಗುವುದಿಲ್ಲ’ ಎಂದರೆ ನಾನು ತೀರ್ಮಾನ ಮಾಡಿಯಾಗಿದೆ, ಇನ್ನು ಮಾತಿಲ್ಲ. ‘ಆಗುತ್ತಿಲ್ಲ’ ಎಂದರೆ ಮನಸ್ಸಿತ್ತು, ಕೂಡಿಬರಲಿಲ್ಲ. ಅದಕ್ಕೇ ಹೀಗೆ ಬರೆದುಕೊಟ್ಟೆ: ‘ಬೇರೊಂದು ಕೆಲಸ ಒಪ್ಪಿಕೊಂಡಿರುವುದರಿಂದ ಸದ್ಯ ನಿಮ್ಮಲ್ಲಿ ಸೇರಲು ಆಗುತ್ತಿಲ್ಲ. ನನ್ನನ್ನು ಆರಿಸಿದ್ದಕ್ಕೆ, ಇಷ್ಟು ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು.’ ‘ಕ್ಷಮಿಸಿ’ ಅಂತಲೂ ಇರಲಿ ಎಂದು ಅವಳು ಹಟ ಹಿಡಿದಳು. ಕೆಲಸ ಬೇಡ ಅಂದರೆ ಅಪರಾಧವಾ? ತೆಗೆಸಿದೆ.

ಈಗ ನನ್ನ ಅನುಮಾನ. ‘ಆಗುತ್ತಿಲ್ಲ’ ಅನ್ನುವುದನ್ನು ನೋಡಿ, ಇನ್ನೂ ಸ್ವಲ್ಪ ಜಗ್ಗಿದರೆ ಬಂದಾಳು ಅಂತ ಆ ಕಡೆಯವರು ಅಂದುಕೊಳ್ಳಬಹುದು ಅಲ್ವಾ? ಸಂಬಳ ಜಾಸ್ತಿ ಮಾಡುತ್ತೇವೆ, ಬನ್ನಿ ಅಂತ ಮತ್ತೆ ಫೋನ್ ಮಾಡಿದರೆ? ಮಾತು ಮೆದುವಾಗಿಯೂ ಇರಬೇಕು, ವಿಷಯ ಅಲ್ಲಿಗೇ ಮುಗಿಯಲೂ ಬೇಕು. ‘ಸದ್ಯ’ ಒಂದನ್ನು ಕಿತ್ತರೆ ಸಾಕೇ, ಕ್ರಿಯಾಪದವನ್ನೇ ಬದಲಿಸಬೇಕೇ? ಕೆಲಸಕ್ಕೆ ಜನ ತೆಗೆದುಕೊಳ್ಳುವ ಜಾಗದಲ್ಲಿ ಇರುವವರು ಇಲ್ಲಿದ್ದರೆ, ಇಂಥ ಪತ್ರ ಓದುವಾಗ ನಿಮಗೆ ಹೇಗೆ ಕೇಳಿಸುತ್ತದೆ ಹೇಳಿ. ಹಾಗೆಯೇ, ‘ನಿಮ್ಮಲ್ಲಿ’ ಸಾಕಾ, ‘ತಮ್ಮಲ್ಲಿ’ ಅನ್ನಬೇಕಾ?