ಸಹಾಯ ಬೇಕು: ‘ಅವಸರ’ಕ್ಕೆ ಬಂಗಾಳಿ, ತಮಿಳು ವಾಕ್ಯಗಳು

ಎಲ್ಲರಿಗೂ ನಮಸ್ಕಾರ್ರೀ. ಸಿಂಧನೂರು ಕಡೆ ಕನ್ನಡ, ತೆಲುಗು, ಹಿಂದಿ, ಬಂಗಾಳಿ ಒಂದೇ ಸಂತೆಯಲ್ಲಿ ಕೇಳಿಸ್ತಾವೆ. ಅಂಗಡಿ ಗುಮಾಸ್ತರಿಗಾಗಿ ಒಂದು ಪುಟದ ಪದಪಟ್ಟಿ ಸಿದ್ಧವಾಗ್ತಿದೆ, ‘ಅವಸರ’ದ ಹತ್ರ ನಿಂತಿದೆ.

ಮೂಲ ಸಂಸ್ಕೃತ: ‘ಅವ’ ಉಪಸರ್ಗ, ‘ಸೃ’ ಧಾತು. ಅಲ್ಲಿ ಅರ್ಥ ಸಂದರ್ಭ, ಅವಕಾಶ, ಬಿಡುವು. ಹಿಂದಿ ಅವಕಾಶ ಅನ್ನೋ ಅರ್ಥವನ್ನು ಉಳಿಸಿಕೊಂಡಿತು, ಮಲಯಾಳಂ ಕೂಡ. ಬಂಗಾಳಿಯ ‘ಅಬೊಶೊರ್’ ಅಂದ್ರೆ ಬಿಡುವು, ನಿವೃತ್ತಿ. ನಮ್ಮ ಗಡಿಬಿಡಿಗೆ ತದ್ವಿರುದ್ಧ! ತಮಿಳು ಮಾತ್ರ ನಮ್ಮ ಜೊತೆಗಿದೆ.

ನಿಜವಾದ ಪೆಟ್ಟು ಬೀಳೋದು ತೆಲುಗಿನಲ್ಲಿ. ‘ಬಸ್ತಾಲು ಅವಸರಂ ಲೇದು’ ಅಂದ್ರೆ ಚೀಲಗಳು ಬೇಕಾಗಿಲ್ಲ. ಕನ್ನಡದ ಕಿವಿಗೆ ಅದು ‘ಅವಸರ ಇಲ್ಲ, ನಿಧಾನಕ್ಕೆ ಕಳಿಸಿ’ ಅಂತ ಕೇಳುತ್ತೆ, ಮರುದಿನ ಲೋಡು ಬಂದು ನಿಲ್ಲುತ್ತೆ. ತೆಲುಗಿನಲ್ಲಿ ಆತುರಕ್ಕೆ ‘ತೊಂದರ’ ಅಂತಾರೆ. ‘ತೊಂದರ ಲೇದು’ ಅಂದ್ರೆ ಆತುರವಿಲ್ಲ, ತೊಂದರೆಯಿಲ್ಲ ಅಂತಲ್ಲ. ಹಾಗಾಗಿ ಎರಡೂ ಪದ ಅಕ್ಕಪಕ್ಕದ ಸಾಲಿನಲ್ಲೇ ಇರಬೇಕು, ಒಂದನ್ನೇ ಕಲಿತವರು ಇನ್ನೊಂದರಲ್ಲಿ ಎಡವ್ತಾರೆ.

ಬೇಕಾಗಿರೋದು: ಸಿಂಧನೂರು ಸುತ್ತಲಿನ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳ ಮಾತು ಬಲ್ಲವರು ‘ಅಬೊಶೊರ್’ ಬಿಡುವಿನ ಅರ್ಥದಲ್ಲಿ ಬರುವ ಒಂದು ಮನೆಮಾತಿನ ವಾಕ್ಯ ಕೊಡಿ, ಮನೆಯಲ್ಲಿ ‘ಛುಟಿ’ ಅಂತಲೇ ಹೆಚ್ಚು ಬಳಸೋದಾದರೆ ಅದನ್ನೂ ಹೇಳಿ. ತಮಿಳಿನವರಿಂದಲೂ ಒಂದು ವಾಕ್ಯ. ಬರೀ ಪದ ಬೇಡ, ಪೂರ್ತಿ ವಾಕ್ಯ ಕನ್ನಡ ಲಿಪಿಯಲ್ಲಿ, ಕೆಳಗೆ ಅರ್ಥ. ಅನುವಾದದ ಆ್ಯಪ್‌ನಿಂದ ತೆಗೆದದ್ದು ದಯವಿಟ್ಟು ಬೇಡ. ಉಚ್ಚಾರಣೆಯ ಧ್ವನಿಮುದ್ರಣ ಹಾಕಿದರೆ ಇನ್ನೂ ಅನುಕೂಲ.