ಅಪ್‌ಡೇಟ್: ಆಪ್ಟ್‌ನ ಡಿಪೆಂಡೆನ್ಸಿ ತೊಡಕು ಬಗೆಹರಿಯಿತು
ಜಾಲದ ಮೂಲಕ ದತ್ತಾಂಶ ಸಾಗಿಸುವ ಲೈಬ್ರರಿಯಾದ ಲಿಬ್‌ಕರ್ಲ್‌ನ ಡೆವ್ ಪ್ಯಾಕೇಜನ್ನು (ಆ ಲೈಬ್ರರಿ ಬಳಸಿ ಪ್ರೋಗ್ರಾಂ ಕಟ್ಟಲು ಬೇಕಾದ ಕಡತಗಳು) ಇನ್‌ಸ್ಟಾಲ್ ಮಾಡಲು ಆಪ್ಟ್ (ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜುಗಳನ್ನು ನಿರ್ವಹಿಸುವ ಸಾಧನ) ಒಪ್ಪುತ್ತಿಲ್ಲ, ಮುರಿದ ಪ್ಯಾಕೇಜುಗಳನ್ನು ತಡೆಹಿಡಿಯಲಾಗಿದೆ ಎಂಬ ಸಂದೇಶವಷ್ಟೇ ಬರುತ್ತಿದೆ ಎಂದು ಕೇಳಿದ್ದೆ. ನಾನು ಯಾವ ಪ್ಯಾಕೇಜನ್ನೂ ಹೋಲ್ಡ್ ಮಾಡಿರಲಿಲ್ಲ, ಅಂದರೆ ಆವೃತ್ತಿ ಬದಲಾಗದಂತೆ ತಡೆದಿರಲಿಲ್ಲ. ಹೋಲ್ಡ್ ಆದ ಪ್ಯಾಕೇಜುಗಳೆಂದು ಆಪ್ಟ್-ಮಾರ್ಕ್ ಕಮಾಂಡ್ ತೋರಿಸಿದ ಪಟ್ಟಿಯೂ ಖಾಲಿಯಾಗಿತ್ತು.

ಕಾರಣ ತಿಳಿದದ್ದು ಪ್ಯಾಕೇಜಿನ ಆವೃತ್ತಿಗಳ ಮೂಲ ಮತ್ತು ಆದ್ಯತೆಯನ್ನು ತೋರಿಸುವ ಆಪ್ಟ್ ಪಾಲಿಸಿ ಕಮಾಂಡಿನಿಂದ. ಹಿಂದೊಮ್ಮೆ ಸೇರಿಸಿ ಆಮೇಲೆ ತೆಗೆದುಹಾಕಿದ್ದ ಹೊರಗಿನ ರೆಪಾಸಿಟರಿಯೊಂದರಿಂದ (ಪ್ಯಾಕೇಜುಗಳ ಸಂಗ್ರಹ) ಬಂದ ಲಿಬ್‌ಕರ್ಲ್‌ನ ಹೊಸ ಆವೃತ್ತಿ ಸಿಸ್ಟಮ್‌ನಲ್ಲಿ ಹಾಗೆಯೇ ಉಳಿದಿತ್ತು. ಅದರ ಮುಂದೆ ಆದ್ಯತೆ 100 ಎಂದಿದ್ದು, ಡಿಪಿಕೆಜಿಯ ಸ್ಟೇಟಸ್ ಕಡತವನ್ನು (ಈಗಾಗಲೇ ಇನ್‌ಸ್ಟಾಲ್ ಆದ ಪ್ಯಾಕೇಜುಗಳ ದಾಖಲೆ) ಬಿಟ್ಟರೆ ಬೇರೆ ಮೂಲವೇ ಇರಲಿಲ್ಲ. ಡೆವ್ ಪ್ಯಾಕೇಜು ತನ್ನದೇ ಆವೃತ್ತಿಯ ಲೈಬ್ರರಿಯನ್ನು ಕರಾರುವಾಕ್ಕಾಗಿ ಬೇಡುತ್ತದೆ. ಅಧಿಕೃತ ರೆಪಾಸಿಟರಿಯ ಆದ್ಯತೆ 500 ಆಗಿದ್ದರೂ, 1000ಕ್ಕಿಂತ ಕಡಿಮೆಯಿದ್ದಾಗ ಆಪ್ಟ್ ತಾನಾಗಿಯೇ ಹಳೆಯ ಆವೃತ್ತಿಗೆ ಇಳಿಯುವುದಿಲ್ಲ. ತೊಡಕಿನ ಗಂಟು ಇದ್ದದ್ದು ಇಲ್ಲಿಯೇ.

ಇನ್‌ಸ್ಟಾಲ್ ಕಮಾಂಡಿನಲ್ಲಿ ಲಿಬ್‌ಕರ್ಲ್ ಪ್ಯಾಕೇಜಿನ ಹೆಸರಿನ ನಂತರ ಸಮ ಚಿಹ್ನೆ ಹಾಕಿ ಅಧಿಕೃತ ಆವೃತ್ತಿಯನ್ನು ಬರೆದು, ಮೊದಲು ಏನನ್ನೂ ಬದಲಿಸದೆ ಏನಾಗಲಿದೆ ಎಂದಷ್ಟೇ ತೋರಿಸುವ ಸಿಮ್ಯುಲೇಟ್ ಆಯ್ಕೆಯೊಂದಿಗೆ ಓಡಿಸಿದೆ. ಏನೇನು ರಿಮೂವ್ ಆಗುತ್ತದೆ ಎಂಬುದನ್ನು ಓದದೆ ಎಂಟರ್ ಒತ್ತಬಾರದು ಎಂದು ನನ್ನ ಪ್ರಶ್ನೆಗೆ ಉತ್ತರಿಸಿದವರು ಒತ್ತಿ ಹೇಳಿದ್ದರು, ಆ ಮಾತಿಗೆ ನಾನು ಋಣಿ. ಪಟ್ಟಿಯಲ್ಲಿ ಲಿಬ್‌ಕರ್ಲ್‌ನ ಡೌನ್‌ಗ್ರೇಡ್ ಒಂದೇ ಇತ್ತು. ಅದನ್ನು ನಿಜವಾಗಿ ನಡೆಸಿದ ಬಳಿಕ ಡೆವ್ ಪ್ಯಾಕೇಜು ಯಾವ ಆಕ್ಷೇಪವೂ ಇಲ್ಲದೆ ಇನ್‌ಸ್ಟಾಲ್ ಆಯಿತು.