ಮಾಂಟ್ರಿಯಲ್ ಒಪ್ಪಂದಕ್ಕೂ ಮಾಟುಂಗಾದ ಎಸಿ ರಿಪೇರಿಗೂ ಏನು ಸಂಬಂಧ?

ಮಾಟುಂಗಾ ಮಾಧವ: ವಿಶ್ವಸಂಸ್ಥೆ ಓಝೋನ್ ಉಳಿಸಿತು ಅಂತ ಹೊಗಳಿದ್ದು ಸಾಕು. ಇಲ್ಲಿ ಹಳೇ ವಿಂಡೋ ಎಸಿ ಬಿಚ್ಚುವವರು ಪೈಪು ಕತ್ತರಿಸಿ ಬುಸ್ ಅಂತ ಗ್ಯಾಸ್ ಬಿಡ್ತಾರೆ. ಓಝೋನ್ ತಿನ್ನುವ ಅನಿಲ ತಡೆಯೋಕೆ ಮಾಂಟ್ರಿಯಲ್ ಒಪ್ಪಂದಕ್ಕೆ 1987ರಲ್ಲಿ ಹಾಕಿದ ಸಹಿ ಆ ಕಿಟಕಿವರೆಗೆ ಬಂದಿದೆಯಾ?

ರೇಖಾ, ಠಾಣೆ: ಬಂದಿದೆ, ಸುತ್ತುದಾರಿಯಲ್ಲಿ. ಒಪ್ಪಂದ ಹಿಡಿದದ್ದು ಕಾರ್ಖಾನೆಯ ನಲ್ಲಿಯನ್ನು. ಸೇರದ ದೇಶದ ಜೊತೆ ಈ ಅನಿಲಗಳ ವ್ಯಾಪಾರ ಬಂದ್. ಬಡ ದೇಶಗಳ ಕಾರ್ಖಾನೆ ಬದಲಿಸಲು ಬಹುಪಕ್ಷೀಯ ನಿಧಿ. ದುಡ್ಡಿನ ಮಾತು ಇತ್ಯರ್ಥವಾದ ಮೇಲೆಯೇ ಭಾರತ 1992ರಲ್ಲಿ ಸೇರಿದ್ದು. ಹಳೇ ಎಸಿಗಳಲ್ಲಿರುವ, ಓಝೋನ್ ತಿನ್ನುವ ಆರ್-22 ಗ್ಯಾಸಿನಲ್ಲಿ 2025ಕ್ಕೆ ಶೇ. 67.5 ಕಡಿತ, 2030ರ ನಂತರ ಉಳಿಯೋದು ರಿಪೇರಿಗೆ ಬೇಕಾದ ಚೂರುಪಾರು.

ಕೂಲಿಂಗ್ ಶೆಟ್ಟಿ: ಸರಿ ಮೇಡಂ. ಆದರೆ ಒಂದು ಕಿಲೋ ಆರ್-22 ಹೊರಬಿಟ್ಟರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಸ್ಪ್ಲಿಟ್‌ನಲ್ಲಿ ಬಿಡುವ ಅಗತ್ಯವೇ ಇಲ್ಲ. ಕೂಲಿಂಗ್‌ನಲ್ಲಿ ಓಡಿಸಿ, ಸಣ್ಣ ಪೈಪಿನ ವಾಲ್ವ್ ಮುಚ್ಚಿ. ಒತ್ತಡ ತೋರಿಸುವ ಗೇಜ್ ಸೊನ್ನೆ ಹತ್ತಿರ ಬಂದಾಗ ದಪ್ಪದ್ದೂ ಮುಚ್ಚಿ, ತಕ್ಷಣ ಆಫ್. ಗ್ಯಾಸೆಲ್ಲ ಹೊರಗಿನ ಯೂನಿಟ್‌ನಲ್ಲೇ ನಿಂತಿತು. ವಿಂಡೋದಲ್ಲಿ ಈ ವಾಲ್ವ್‌ಗಳೇ ಇಲ್ಲ. ಕಂಪ್ರೆಸರ್ ಸತ್ತಿದ್ದರೆ ಸ್ಪ್ಲಿಟ್‌ಗೂ ಈ ಉಪಾಯ ನಡೆಯೋದಿಲ್ಲ. ಆಗ ಗ್ಯಾಸ್ ಎಳೆದು ಸಿಲಿಂಡರ್ ತುಂಬುವ ರಿಕವರಿ ಮಷೀನ್ ಬೇಕು, ಶೇ. 80ಕ್ಕಿಂತ ಹೆಚ್ಚು ತುಂಬಬಾರದ ಸಿಲಿಂಡರ್ ಬೇಕು. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಗೆ ಅದನ್ನು ಹೊತ್ತ ಕೂಲಿ ಯಾರು ಕೊಡ್ತಾರೆ?

ಮಾಧವ: ಅದನ್ನೇ ನಾನೂ ಕೇಳಿದ್ದು! ಆರ್-22 ತುಟ್ಟಿ ಅಂತ ಆಮೇಲಿನ ಎಸಿಗಳ ಗ್ಯಾಸ್ 410ಎ ತುಂಬಿದರೆ?

ಶೆಟ್ಟಿ: ಕಂಪ್ರೆಸರ್‌ಗೆ ಎಳ್ಳುನೀರು. ಒತ್ತಡ ಒಂದೂವರೆ ಪಟ್ಟಿಗೂ ಜಾಸ್ತಿ. ಹಳೇ ಮಿನರಲ್ ಆಯಿಲ್ ಅದರಲ್ಲಿ ಬೆರೆಯದೆ ಪೈಪಿನಲ್ಲೇ ಉಳಿಯುತ್ತೆ. ಕಡಲ ಉಪ್ಪು ಕಾಯಿಲ್ ತಿನ್ನುವ ಮುಂಬಯಿಯಲ್ಲಿ ಮೊದಲು ನೈಟ್ರೋಜನ್ ತುಂಬಿ, ಸೋಪುನೀರು ಹಚ್ಚಿ ಲೀಕ್ ನೋಡಬೇಕು. ಆಮೇಲೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ. ಗ್ಯಾಸ್ ತೂಕ ಹಾಕಿಯೇ ತುಂಬೋದು.

ಪ್ರಭಾಕರ, ಪುಣೆ: ರೇಖಾ ಅವರೇ, ಅಂತಾರಾಷ್ಟ್ರೀಯ ಸಂಸ್ಥೆಗಳೇ ಒಂದರ ಕಾಲಿಗೆ ಒಂದು ತೊಡರಿದ್ದೂ ಉಂಟು. ಆರ್-22 ತಯಾರಿಸುವಾಗ ಹುಟ್ಟುವ ಎಚ್‌ಎಫ್‌ಸಿ-23 ಅನ್ನುವ, ಭೂಮಿ ಬಿಸಿ ಮಾಡುವ ಅನಿಲವನ್ನು ಸುಟ್ಟವರಿಗೆ ಹವಾಮಾನದ ಕ್ಯೋಟೋ ಒಪ್ಪಂದದ ವ್ಯವಸ್ಥೆ ಕಾರ್ಬನ್ ಕ್ರೆಡಿಟ್ ಕೊಟ್ಟಿತು, ಅಂದರೆ ತಡೆದ ಮಾಲಿನ್ಯಕ್ಕೆ ಮಾರಬಹುದಾದ ಚೀಟಿ. ಸುಡುವ ಖರ್ಚು ಪುಡಿಗಾಸು, ಕ್ರೆಡಿಟ್ ಬಂಗಾರ. ಅತ್ತ ಮಾಂಟ್ರಿಯಲ್ ಆರ್-22 ಕಮ್ಮಿ ಮಾಡಿ ಅಂದರೆ ಇತ್ತ ಅದನ್ನು ಮಾಡಿದಷ್ಟೂ ಲಾಭ! ಯುರೋಪ್ 2013ರಿಂದ ಆ ಕ್ರೆಡಿಟ್ ಒಲ್ಲೆ ಅಂದಿತು.

ರೇಖಾ: ಒಪ್ಪಿದೆ, ಅದು ನಾಚಿಕೆಗೇಡು. ಮಾಂಟ್ರಿಯಲ್ ಒಪ್ಪಂದಕ್ಕೆ ಮಾಡಿದ 2016ರ ಕಿಗಾಲಿ ತಿದ್ದುಪಡಿ ಅದೇ ಅನಿಲವನ್ನು ನಾಶಮಾಡುವುದನ್ನು ಕರ್ತವ್ಯವಾಗಿಸಿತು. ನಿಷೇಧಿತ ಸಿಎಫ್‌ಸಿ-11 ಅನಿಲ ಗಾಳಿಗೆ ಬಿಡುವ ಪ್ರಮಾಣ ಮತ್ತೆ ಏರುತ್ತಿದೆ ಅಂತ 2018ರಲ್ಲಿ ಗೊತ್ತಾದದ್ದೂ ಗಾಳಿ ಅಳೆಯುವ ಕೇಂದ್ರಗಳಿಂದ. ಪೂರ್ವ ಚೀನಾದತ್ತ ಬೆರಳು ಹೋಯಿತು, ಆಮೇಲೆ ಆ ಪ್ರಮಾಣ ಇಳಿಯಿತು. ಇದಕ್ಕೆ ಹೋಲಿಸಿದರೆ ಹವಾಮಾನದ ಪ್ಯಾರಿಸ್ ಒಪ್ಪಂದದಲ್ಲಿ ಗುರಿ ಬರೆದುಕೊಳ್ಳುವವರೂ ನಾವೇ, ತಪ್ಪಿದರೆ ದಂಡವೂ ಇಲ್ಲ.

ಮಾಧವ: ನನ್ನ ಕಿಟಕಿಯ ಪ್ರಶ್ನೆ ಅಲ್ಲೇ ಉಳಿಯಿತು.

ಶೆಟ್ಟಿ: ಸೊಸೈಟಿಯ ವಾರ್ಷಿಕ ನಿರ್ವಹಣೆ ಕರಾರಿನಲ್ಲಿ (ಎಎಂಸಿ) ರಿಕವರಿ ಚಾರ್ಜ್ ಬೇರೆ ಸಾಲಾಗಿ ಬರೆಸಿ ಮಾಧವಣ್ಣ. ಆರ್-22, 410ಎ ಒಂದೇ ಸಿಲಿಂಡರ್‌ಗೆ ಹಾಕಬಾರದು ಅಂತಲೂ ಸೇರಿಸಿ. ಬೆರೆತ ಗ್ಯಾಸನ್ನು ಯಾರೂ ಕೊಳ್ಳೋದಿಲ್ಲ.